ಮೇಡಂ, ಗಾಡಿ ನ್ಯೂಟ್ರಲ್ ಮೇ ರಖಿಯೇ

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ಸಲದ ಕೂಟ ಮುಗಿದು ಚಹಾ ಕುಡಿಯುತ್ತ ನಿಂತಿದ್ದಾಗ ಒಬ್ಬರು ಕೇಳಿದರು, "ಸಿಗ್ನಲ್‌ನಲ್ಲಿ ನಿಂತಾಗ ನೀವು ಗಾಡಿಯನ್ನು ಯಾವುದರಲ್ಲಿ ಇಡುತ್ತೀರಿ, ಪಿ ಯಲ್ಲೋ, ಎನ್‌ನಲ್ಲೋ?" ಅಲ್ಲಿ ಆಟೋಮ್ಯಾಟಿಕ್ ಗಾಡಿ ಓಡಿಸುವವರು ಐದು ಜನ ಇದ್ದೆವು. ಐದು ಉತ್ತರ ಬಂತು. ಒಬ್ಬರು ಗಂಡ ಹೇಳಿಕೊಟ್ಟದ್ದನ್ನು ಹೇಳಿದರು, ಒಬ್ಬರು ಶೋರೂಮಿನ ಹುಡುಗ ಹೇಳಿದ್ದನ್ನು, ಇನ್ನೊಬ್ಬರು "ನಾನು ಡಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದೇ ಇಲ್ಲ" ಎಂದರು. ನಾನು ಸ್ವಲ್ಪ ಜಾಸ್ತಿ ಮಾತಾಡಿದೆ. ಅದರ ಶಿಕ್ಷೆಯಾಗಿ ಇವತ್ತು ಮೈಕ್ ನನ್ನ ಕೈಗೆ ಬಂದಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯುವವಳು. ಆದರೆ ಈ ಎರಡು ಅಕ್ಷರಗಳ ವಿಷಯದಲ್ಲಿ ಒಂದೇ ತಿಂಗಳಲ್ಲಿ ಎರಡು ಸಲ ಪೆಟ್ಟು ತಿಂದೆ. ಆಮೇಲೆ ಕೂತು ಮ್ಯಾನುಯಲ್ ಓದಿದೆ, ಗ್ಯಾರೇಜಿನವರ ತಲೆ ತಿಂದೆ. ಆ ಪೆಟ್ಟಿನ ಕತೆಯನ್ನೇ ಮೊದಲು ಹೇಳುತ್ತೇನೆ.

ನಾವಿರುವುದು ಮುಲುಂಡ್‌ನ ಒಂದು ಹಳೆಯ ಸೊಸೈಟಿಯಲ್ಲಿ. 4 ಮಾಳಿಗೆ, 32 ಮನೆ, 12 ಗಾಡಿ ನಿಲ್ಲುವಷ್ಟು ಜಾಗ, ನಿಲ್ಲುವುದು 20. ನಿಮ್ಮಲ್ಲೂ ಹೆಚ್ಚಿನವರ ಕತೆ ಇದೇ ಇರಬೇಕು. ಹಾಗಾಗಿ ಒಂದರ ಹಿಂದೆ ಒಂದು ಅಡ್ಡ ನಿಲ್ಲಿಸುವುದು, ಹ್ಯಾಂಡ್‌ಬ್ರೇಕ್ ಹಾಕದೆ ನ್ಯೂಟ್ರಲ್‌ನಲ್ಲಿ ಬಿಡುವುದು, ಒಳಗಿನ ಗಾಡಿಯವರು ಹೊರಡುವಾಗ ವಾಚ್‌ಮನ್ ಜೊತೆ ಸೇರಿ ಹೊರಗಿನದನ್ನು ತಳ್ಳಿ ದಾರಿ ಮಾಡಿಕೊಳ್ಳುವುದು. ಮುಂಬಯಿಯ ಅಲಿಖಿತ ಕಾನೂನು ಇದು. ಕ್ಲಚ್ ಗಾಡಿ ಇದ್ದಷ್ಟು ದಿನ ನಮಗೂ ಇದರಿಂದ ತೊಂದರೆ ಆಗಲಿಲ್ಲ.

ಆಟೋಮ್ಯಾಟಿಕ್ ತೆಗೆದುಕೊಂಡ ಮೇಲೆ ನಾನು ಶಿಸ್ತಾಗಿ ಪಿ ಗೆ ಹಾಕಿ, ಬೀಗ ಹಾಕಿ ಮನೆಗೆ ಬರುತ್ತಿದ್ದೆ. ಒಂದು ರಾತ್ರಿ 2 ಗಂಟೆಗೆ ಮೂರನೇ ಮಾಳಿಗೆಯ ಗುಜರಾತಿ ಕಾಕಾಗೆ ಎದೆನೋವು ಬಂತು. ಅವರ ಮಗ ಕೆಳಗೆ ಓಡಿ ಬಂದು ನೋಡಿದರೆ ಅವರ ಗಾಡಿಯ ಹಿಂದೆ ನಮ್ಮದು ನಿಂತಿದೆ. ನಾಲ್ಕು ಜನ ಸೇರಿ ತಳ್ಳಿದ್ದಾರೆ. ಗಾಡಿ ಅಲುಗಾಡಿದೆಯೇ ಹೊರತು ಒಂದಿಂಚೂ ಉರುಳಿಲ್ಲ. ಇವರು ಊರಲ್ಲಿರಲಿಲ್ಲ, ನನ್ನ ಫೋನ್ ಸೈಲೆಂಟ್‌ನಲ್ಲಿತ್ತು. ವಾಚ್‌ಮನ್ ಬಂದು ಬಾಗಿಲು ಬಡಿದು, ನಾನು ಎದ್ದು, ಕೀ ಹುಡುಕಿ ಕೆಳಗೆ ಬರುವಷ್ಟರಲ್ಲಿ 10 ನಿಮಿಷ ಹೋಗಿತ್ತು. ಕಾಕಾ ಉಳಿದರು, ಸ್ಟೆಂಟ್ ಹಾಕಿದರು, ಈಗ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಯಾರೂ ನನ್ನನ್ನು ಬೈಯಲಿಲ್ಲ. ಕಾಕಿ ಮಾತ್ರ ಮರುವಾರ ಲಿಫ್ಟ್ ಹತ್ತಿರ ಸಿಕ್ಕಿ, "ಬೇಟಾ, ತುಮ್ಹಾರೀ ಗಾಡಿ ಹಿಲೀ ಹೀ ನಹೀಂ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತಿನಿಂದ ವಾಚ್‌ಮನ್ ನಾನು ಗೇಟ್ ಒಳಗೆ ಬಂದಾಗಲೆಲ್ಲ, "ಮೇಡಂ, ಗಾಡಿ ನ್ಯೂಟ್ರಲ್ ಮೇ ರಖಿಯೇ" ಎನ್ನತೊಡಗಿದ. ನಾನೂ ಇಟ್ಟೆ. ಎನ್‌ನಲ್ಲಿ, ಹ್ಯಾಂಡ್‌ಬ್ರೇಕ್ ಇಲ್ಲದೆ. ಎರಡು ವಾರ ಕಳೆದಿರಬೇಕು. ಯಾರೋ ತಮ್ಮ ಗಾಡಿ ತೆಗೆಯಲು ನಮ್ಮದನ್ನು ಸ್ವಲ್ಪ ಮುಂದೆ ತಳ್ಳಿ, ಹಾಗೇ ಬಿಟ್ಟು ಹೋದರು. ನಮ್ಮ ಅಂಗಳ ಸಮತಟ್ಟು ಎಂದೇ ನಾವೆಲ್ಲ ತಿಳಿದಿದ್ದೆವು. ಮಳೆನೀರು ಹರಿದು ಹೋಗಲಿ ಎಂದು ಗೇಟಿನ ಕಡೆಗೆ ಇಳಿಜಾರು ಕೊಟ್ಟಿದ್ದಾರೆ ಎಂದು ಗಾಡಿಗೆ ಗೊತ್ತಾಯಿತು, ನಮಗೆ ಗೊತ್ತಿರಲಿಲ್ಲ. ಅದು ಸದ್ದಿಲ್ಲದೆ ಉರುಳಿ ಗೇಟಿನ ಪಕ್ಕದ ಪಂಪ್ ರೂಮಿನ ಗೋಡೆಗೆ ಹೋಗಿ ತಾಗಿತು. ಆ ಗೋಡೆಯ ಪಕ್ಕದಲ್ಲೇ ಸ್ಟೂಲ್ ಮೇಲೆ ವಾಚ್‌ಮನ್‌ನ ಮಗಳು ಹೋಂವರ್ಕ್ ಬರೆಯುತ್ತಿದ್ದಳು. ಎರಡನೇ ಕ್ಲಾಸಿನ ಹುಡುಗಿ. ಅವಳಿಗೂ ಬಂಪರಿಗೂ ನಡುವೆ ಮೊಳದಷ್ಟೂ ಜಾಗ ಇರಲಿಲ್ಲ. ನಾನು ಕಿಟಕಿಯಿಂದ ನೋಡಿದೆ. ನಾಲ್ಕನೇ ಮಾಳಿಗೆಯಿಂದ ಕೂಗಿದರೆ ಯಾರಿಗೆ ಕೇಳುತ್ತದೆ?

ಪಿ ಯಲ್ಲಿಟ್ಟೂ ತಪ್ಪಾಯಿತು, ಎನ್‌ನಲ್ಲಿಟ್ಟೂ ತಪ್ಪಾಯಿತು. ಹಾಗಾದರೆ ಇವೆರಡು ನಿಜಕ್ಕೂ ಮಾಡುವುದೇನು?

ಎರಡರಲ್ಲೂ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದಿರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಸದ್ದು ಬರುತ್ತದೆ, ಗಾಡಿ ಹೋಗುವುದಿಲ್ಲ. ವ್ಯತ್ಯಾಸ ಇರುವುದು ಚಕ್ರದ ಕಡೆಗೆ. ಎನ್‌ನಲ್ಲಿ ಚಕ್ರ ಪೂರ್ತಿ ಸ್ವತಂತ್ರ, ಇಳಿಜಾರು ಕರೆದಲ್ಲಿಗೆ ಹೋಗುತ್ತದೆ. ಪಿ ಯಲ್ಲಿ ಗೇರ್‌ಬಾಕ್ಸ್ ಒಳಗಿನ ಒಂದು ಹಲ್ಲಿನ ಚಕ್ರಕ್ಕೆ ಉಕ್ಕಿನ ಸಣ್ಣ ಕೊಕ್ಕೆಯೊಂದು ಹೋಗಿ ಕಚ್ಚಿಕೊಳ್ಳುತ್ತದೆ. ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಆ ಕೊಕ್ಕೆ ಹೆಚ್ಚೆಂದರೆ ನಮ್ಮ ಬೆರಳಿನಷ್ಟು ದೊಡ್ಡದು. ಸಾವಿರ ಸಾವಿರದ ಇನ್ನೂರು ಕಿಲೋ ತೂಕದ ಗಾಡಿಯನ್ನು ಇಳಿಜಾರಿನಲ್ಲಿ ಅದೊಂದರ ಮೇಲೆ ನೇತುಹಾಕಿ ಹೋಗುವುದು ಸರಿಯಲ್ಲ. ಮರುದಿನ ಪಿ ಯಿಂದ ಲಿವರ್ ತೆಗೆಯುವಾಗ ಬಿಗಿಯಾಗಿ, ಆಮೇಲೆ 'ಟಕ್' ಎಂದು ದೊಡ್ಡ ಸದ್ದು ಬರುತ್ತದಲ್ಲ, ಅದು ಆ ಕೊಕ್ಕೆ ರಾತ್ರಿಯಿಡೀ ಭಾರ ಹೊತ್ತದ್ದರ ನರಳಾಟ.

ಆದ್ದರಿಂದ ನಿಲ್ಲಿಸುವಾಗ ನಾನು ಈಗ ಮಾಡುವುದು ಹೀಗೆ. ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿ, ಕಾಲು ಬ್ರೇಕ್ ಮೇಲಿರುವಾಗಲೇ ಎನ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆಯುತ್ತೇನೆ. ಒಂದು ಕ್ಷಣ ಕಾಲು ಸಡಿಲಿಸಿದರೆ ಗಾಡಿ ಹ್ಯಾಂಡ್‌ಬ್ರೇಕ್ ಮೇಲೆ ಕೂರುತ್ತದೆ. ಮತ್ತೆ ಬ್ರೇಕ್ ಒತ್ತಿ ಪಿ. ಹೊರಡುವಾಗ ಇದರ ಉಲ್ಟಾ, ಮೊದಲು ಲಿವರ್ ಪಿ ಯಿಂದ ತೆಗೆದು ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸುವುದು. ಹೇಳಲು ಉದ್ದ, ಮಾಡಲು ಮೂರು ಸೆಕೆಂಡ್. ಗಾಡಿ ಇನ್ನೂ ಉರುಳುತ್ತಿರುವಾಗ ಪಿ ಗೆ ಹಾಕಿದರೆ 'ಕರ್ರ್' ಎಂದು ಹಲ್ಲು ಮಸೆದ ಶಬ್ದ ಬರುತ್ತದೆ. ಕೊಕ್ಕೆ ಮುರಿಯುವುದು ಹಾಗೆಯೇ.

ಟೈರ್ ಪಂಕ್ಚರ್ ಆದಾಗ ಇನ್ನೊಂದು ಅಪಾಯ ಇದೆ. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಹಾಗಾಗಿ ಪಿ ಹಿಡಿಯುವುದೂ ಅವನ್ನೇ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನವನ್ನು. ಮುಂದಿನ ಒಂದು ಚಕ್ರವನ್ನು ಜ್ಯಾಕ್ ಹಾಕಿ ಎತ್ತಿದಿರಿ ಎನ್ನಿ, ಪಿ ಇದ್ದರೂ ಪ್ರಯೋಜನವಿಲ್ಲ. ಗಾಳಿಯಲ್ಲಿರುವ ಚಕ್ರ ಒಂದು ಕಡೆ ತಿರುಗಿದರೆ ನೆಲದ ಮೇಲಿರುವುದು ಇನ್ನೊಂದು ಕಡೆ ತಿರುಗಬಹುದು, ಡಿಫರೆನ್ಷಿಯಲ್ ಬಿಟ್ಟುಕೊಡುತ್ತದೆ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೇ ಜ್ಯಾಕ್ ಹಾಕಿಸಿ.

ಈಗ ಕೆಲವರ ಮುಖ ನೋಡಿದರೆ ಗೊತ್ತಾಗುತ್ತಿದೆ: "ನಮ್ಮ ಗಾಡಿಯಲ್ಲಿ ಪಿ ಯೇ ಇಲ್ಲವಲ್ಲ!" ನಿಜ, ನಿಮ್ಮದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ನಮ್ಮಂಥ ಮಧ್ಯಮ ವರ್ಗದ ಮನೆಗಳಿಗೆ ಆಟೋಮ್ಯಾಟಿಕ್ ಬಂದದ್ದೇ ಈ ರೂಪದಲ್ಲಿ. ಅದು ಒಳಗಿನಿಂದ ಕ್ಲಚ್ ಗಾಡಿಯೇ. ನಮ್ಮ ಎಡಗಾಲು ಮತ್ತು ಎಡಗೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೆ. ಅಂಥ ಹೆಚ್ಚಿನ ಗಾಡಿಗಳಲ್ಲಿ ಲಿವರ್ ಮೇಲೆ ಆರ್, ಎನ್, ಡಿ ಇರುತ್ತವೆ, ಪಿ ಇರುವುದಿಲ್ಲ. ಅದನ್ನು ನಿಲ್ಲಿಸುವುದು ಹಿಂದೆ ಅಪ್ಪಂದಿರು ಕ್ಲಚ್ ಗಾಡಿಯನ್ನು ಗೇರ್‌ನಲ್ಲಿ ನಿಲ್ಲಿಸುತ್ತಿದ್ದ ಹಾಗೆಯೇ: ಹ್ಯಾಂಡ್‌ಬ್ರೇಕ್ ಎಳೆದು, ಲಿವರ್ ಡಿ ಯಲ್ಲೋ ಆರ್‌ನಲ್ಲೋ ಇರುವಾಗಲೇ ಎಂಜಿನ್ ಬಂದ್ ಮಾಡುವುದು. ಆಗ ಎಂಜಿನ್ನೇ ಚಕ್ರವನ್ನು ಹಿಡಿದಿರುತ್ತದೆ. ಎನ್‌ನಲ್ಲಿ ಬಂದ್ ಮಾಡಿದರೆ ಹ್ಯಾಂಡ್‌ಬ್ರೇಕ್ ಒಂದೇ ಗತಿ. ಇದು ವಿಚಿತ್ರ ಅನಿಸಬಹುದು. ಅಮೆರಿಕದಲ್ಲಿ 1940ರ ಮಾಡೆಲ್ ಆಗಿ ಬಂದ ಓಲ್ಡ್ಸ್‌ಮೊಬೈಲ್‌ನ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲೂ ಪಿ ಇರಲಿಲ್ಲ, ಎಂಜಿನ್ ಬಂದ್ ಮಾಡಿ ರಿವರ್ಸ್‌ನಲ್ಲಿ ಇಡುವುದೇ ಪಾರ್ಕಿಂಗ್ ಆಗಿತ್ತು. ಪಿ ಎಂಬ ಅಕ್ಷರ ಆಮೇಲೆ ಬಂದದ್ದು. ಅಂದ ಹಾಗೆ ಎಎಂಟಿಯಲ್ಲಿ ಫ್ಲೈಓವರ್ ಏರಿನ ಜಾಮ್‌ನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಲ್ಲೇ ಗಾಡಿಯನ್ನು ಹಿಡಿದು ನಿಲ್ಲಿಸಬೇಡಿ, ಕ್ಲಚ್ ಸುಡುತ್ತದೆ. ವಾಸನೆ ಬಂದಾಗ ಪಕ್ಕದ ಟ್ಯಾಂಕರ್ ಎಂದುಕೊಳ್ಳುತ್ತೇವೆ, ನಮ್ಮದೇ ಆಗಿರುತ್ತದೆ.

ಇನ್ನು ಸಿಗ್ನಲ್ ಪ್ರಶ್ನೆ. ಅರ್ಧ ಒಂದು ನಿಮಿಷದ ಸಿಗ್ನಲ್ ಆದರೆ ಡಿ ಯಲ್ಲೇ ಇದ್ದು ಬ್ರೇಕ್ ಒತ್ತಿ ಕೂತಿರಿ. ಜೋಗೇಶ್ವರಿ ವಿಕ್ರೋಲಿ ರಸ್ತೆಯಲ್ಲಿ ಸಂಜೆ ಏಳಕ್ಕೆ ನಿಂತ ಹಾಗೆ ಐದಾರು ನಿಮಿಷ ಅಲುಗದಿದ್ದರೆ ಎನ್, ಜೊತೆಗೆ ಹ್ಯಾಂಡ್‌ಬ್ರೇಕ್. ಪಿ ಏಕೆ ಬೇಡ? ಲಿವರ್ ಪಿ ಗೆ ಹೋಗುವ ದಾರಿಯಲ್ಲಿ ಆರ್ ದಾಟುತ್ತದೆ. ರಿವರ್ಸ್ ದೀಪ ಒಮ್ಮೆ ಮಿಂಚುತ್ತದೆ. ನಮ್ಮ ಊರಲ್ಲಿ ಹಿಂದೆ ಅಂಟಿಕೊಂಡು ನಿಂತ ರಿಕ್ಷಾದವನು, ಬಂಪರ್ ಸಂದಿಯಲ್ಲಿ ರಸ್ತೆ ದಾಟುವ ಅಜ್ಜಿ, ಇವರೆಲ್ಲ ಬೆಚ್ಚುತ್ತಾರೆ. ಅಲ್ಲದೆ ಹಿಂದಿನಿಂದ ಯಾರಾದರೂ ಗುದ್ದಿದರೆ ಆ ಪೆಟ್ಟು ನೇರ ಕೊಕ್ಕೆಗೆ. ಎನ್‌ನಲ್ಲಿದ್ದಾಗ ಒಂದು ಎಚ್ಚರ ಮಾತ್ರ ಬೇಕು. ಸಿಗ್ನಲ್ ಹಸಿರಾಯಿತು ಎಂದು ಮರೆತು ಆಕ್ಸಿಲರೇಟರ್ ಒತ್ತುತ್ತೇವೆ, ಎಂಜಿನ್ ಕೂಗುತ್ತದೆ, ಗಾಬರಿಯಾಗಿ ಕಾಲು ತೆಗೆಯದೇ ಡಿ ಗೆ ಎಳೆಯುತ್ತೇವೆ. ಗಾಡಿ ಹಾರುತ್ತದೆ. ಎನ್‌ನಿಂದ ಎಲ್ಲಿಗೆ ಹೋಗುವುದಿದ್ದರೂ ಕಾಲು ಮೊದಲು ಬ್ರೇಕಿಗೆ ಬರಲಿ.

ಮಾಟುಂಗದಲ್ಲಿ ಹೂವು ತರಕಾರಿಗೆ "ಎರಡೇ ನಿಮಿಷ" ಎಂದು ಇಳಿಯುವವರಿಗೂ ಒಂದು ಮಾತಿದೆ. ಎಸಿ ಆನ್ ಇರಲಿ ಎಂದು ಎಂಜಿನ್ ಬಂದ್ ಮಾಡದೆ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿ ಇಳಿಯುತ್ತೇವೆ. ಪಿ ಗೆ ಹಾಕಿದ್ದೇವೆ ಎಂಬ ನಂಬಿಕೆ. 2016ರ ಜೂನ್‌ನಲ್ಲಿ ಹಾಲಿವುಡ್‌ನ ಯುವನಟ ಆಂಟನ್ ಯೆಲ್ಚಿನ್ ತನ್ನ ಮನೆಯ ಇಳಿಜಾರಿನಲ್ಲಿ ಜೀಪ್ ನಿಲ್ಲಿಸಿ ಇಳಿದಾಗ ಅದು ಉರುಳಿ ಬಂದು ಗೇಟಿಗೆ ಒತ್ತಿ ಕೊಂದಿತು. 27 ವರ್ಷ ಆತನಿಗೆ. ಆ ಗಾಡಿಯ ಲಿವರ್ ಎತ್ತ ಸರಿಸಿದರೂ ಮತ್ತೆ ನಡುವಿಗೇ ಬಂದು ನಿಲ್ಲುವ ತರಹದ್ದು, ಪಿ ಯಲ್ಲಿದೆಯೋ ಇಲ್ಲವೋ ಕೈಗೆ ಗೊತ್ತಾಗುತ್ತಿರಲಿಲ್ಲ. ಆ ತರಹದ 11 ಲಕ್ಷ ಗಾಡಿಗಳನ್ನು ಕಂಪನಿ ಅದಕ್ಕೆ ಎರಡು ತಿಂಗಳ ಹಿಂದಷ್ಟೇ ವಾಪಸ್ ಕರೆದಿತ್ತು. ನಮ್ಮಲ್ಲೂ ಈಗ ಬಟನ್, ಗುಂಡಿ ತಿರುಗಿಸುವ ಗೇರ್ ಬರುತ್ತಿವೆ. ಇಳಿಯುವ ಮುಂಚೆ ಡ್ಯಾಶ್‌ಬೋರ್ಡ್‌ನಲ್ಲಿ ಅಕ್ಷರ ಓದಿ. ಮಕ್ಕಳಿದ್ದರೆ ಎಂಜಿನ್ ಬಂದ್ ಮಾಡಿ, ಮಕ್ಕಳನ್ನೂ ಇಳಿಸಿಕೊಂಡೇ ಹೋಗಿ. ರಗಳೆ ಹೌದು, ಗೊತ್ತು, ನನಗೂ ಐದು ವರ್ಷದವನಿದ್ದಾನೆ.

ಪುಣೆಯಿಂದ ಬರುವಾಗ ಖಂಡಾಲಾ ಘಾಟಿಯಲ್ಲಿ, ಊರಿಗೆ ಹೋಗುವಾಗ ಶಿರಾಡಿ, ಚಾರ್ಮಾಡಿ, ಆಗುಂಬೆಯಲ್ಲಿ ಪೆಟ್ರೋಲ್ ಉಳಿಸಲು ಎನ್‌ಗೆ ಹಾಕಿ ಇಳಿಯುವವರಿದ್ದಾರೆ. ನಮ್ಮ ಮಾವನವರೂ ಅದೇ ಪಂಥದವರು, ಅವರ ಮುಂದೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿದರೆ ಪೆಟ್ರೋಲ್ ಸರಬರಾಜೇ ನಿಲ್ಲುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಎನ್‌ಗೆ ಹಾಕಿದರೆ ಎಂಜಿನ್ ಆರದೆ ಇರಲು ಪೆಟ್ರೋಲ್ ಕುಡಿಯಲೇಬೇಕು. ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ, ಬ್ರೇಕ್ ಒಂದೇ ಕಾದು ಕಾದು ಸೋಲುತ್ತದೆ. 2022ರ ನವೆಂಬರ್‌ನಲ್ಲಿ ಪುಣೆಯ ನವಲೆ ಸೇತುವೆಯ ಇಳಿಜಾರಿನಲ್ಲಿ ಒಂದು ದೊಡ್ಡ ಲಾರಿ ಹತ್ತಾರು ವಾಹನಗಳನ್ನು ಗುದ್ದಿಕೊಂಡು ಹೋದಾಗ, ಚಾಲಕ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದ್ದನೆಂದು ಪೊಲೀಸರು ಮೊದಲ ನೋಟಕ್ಕೆ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಘಾಟಿ ಇಳಿಯುವಾಗ ಎಲ್, 2 ಅಥವಾ ಮ್ಯಾನುಯಲ್ ಮೋಡ್ ಬಳಸಿ.

ನಮ್ಮೆಲ್ಲರ ಮನಸ್ಸಿನಲ್ಲಿ ಇನ್ನೂ ಇರುವ ಕುರ್ಲಾದ ವಿಷಯ ಎತ್ತದೆ ಇರಲಾರೆ. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾ ಪಶ್ಚಿಮದ ಎಸ್.ಜಿ. ಬರ್ವೆ ಮಾರ್ಗದಲ್ಲಿ ಬೆಸ್ಟ್‌ನ ಎಲೆಕ್ಟ್ರಿಕ್ ಬಸ್ ಜನರ ಮೇಲೆ, ವಾಹನಗಳ ಮೇಲೆ ನುಗ್ಗಿತು. ಕನಿಷ್ಠ 7 ಜನ ಸತ್ತರು, 40ಕ್ಕೂ ಹೆಚ್ಚು ಜನ ಗಾಯಗೊಂಡರು. ಚಾಲಕ ಅದಕ್ಕೆ ಮೊದಲು ಕ್ಲಚ್ ಇರುವ ಸಣ್ಣ ಬಸ್ ಓಡಿಸುತ್ತಿದ್ದ, ಆಟೋಮ್ಯಾಟಿಕ್ ಬಸ್‌ನ ತರಬೇತಿ ಸಿಕ್ಕಿದ್ದು ಕೆಲವೇ ದಿನ ಎಂದು ಸುದ್ದಿಯಾಯಿತು. ತಪ್ಪು ಯಾರದ್ದೆಂದು ಹೇಳುವುದು ನ್ಯಾಯಾಲಯದ ಕೆಲಸ. ನಾನು ಯೋಚಿಸಿದ್ದು ನನ್ನ ತರಬೇತಿ ಎಷ್ಟು ದಿನದ್ದು ಎಂದು. ಲೈಸೆನ್ಸ್ ತೆಗೆದದ್ದು ಕ್ಲಚ್ ಗಾಡಿಯಲ್ಲಿ. ಆಟೋಮ್ಯಾಟಿಕ್ ಕೊಟ್ಟ ದಿನ ಶೋರೂಮಿನಲ್ಲಿ ಹೇಳಿಕೊಟ್ಟದ್ದು ಹತ್ತು ನಿಮಿಷ, ಅದರಲ್ಲೂ ಆರು ನಿಮಿಷ ಬ್ಲೂಟೂತ್ ಬಗ್ಗೆ. ತೆಂಗಿನಕಾಯಿ ಒಡೆದು, ಪೇಡಾ ಹಂಚಿ ಕಳಿಸಿಬಿಟ್ಟರು. ಎಡಗಾಲು ವರ್ಷಗಟ್ಟಲೆ ಕ್ಲಚ್ಚನ್ನು ಧಡಾರನೆ ಒತ್ತಿ ಕಲಿತಿರುತ್ತದೆ. ಅದನ್ನು ಬ್ರೇಕಿಗೆ ಬಳಸಿದರೆ ಮುಖ ಗಾಜಿಗೆ. ಎಡಗಾಲಿಗೆ ರಜೆ, ಬಲಗಾಲು ಒಂದೇ ಎರಡೂ ಪೆಡಲ್‌ಗೆ. ಹೊಸದಾಗಿ ಕಲಿಯುವವರು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಮುಟ್ಟದೆ, ಡಿ ಯಲ್ಲಿ ಬ್ರೇಕ್ ಸಡಿಲಿಸಿ, ತೆವಳಿಸಿ, ನಿಲ್ಲಿಸಿ, ಅರ್ಧ ಗಂಟೆ ಇಷ್ಟನ್ನೇ ಅಭ್ಯಾಸ ಮಾಡಿ.

ಎನ್ ಜೀವ ಉಳಿಸುವ ಸಂದರ್ಭವೂ ಇದೆ. ಆಕ್ಸಿಲರೇಟರ್ ಒತ್ತಿಕೊಂಡೇ ಸಿಕ್ಕಿಹಾಕಿಕೊಂಡರೆ ಬ್ರೇಕ್ ಬಲವಾಗಿ ಒತ್ತಿ ಲಿವರನ್ನು ಎನ್‌ಗೆ ತಳ್ಳಿ. ಎಂಜಿನ್ ಅರಚುತ್ತದೆ, ಅರಚಲಿ, ಚಕ್ರಕ್ಕೆ ಬಲ ಹೋಗುವುದಿಲ್ಲ. ಓಡುತ್ತಿರುವಾಗ ಎಂಜಿನ್ ಬಂದ್ ಮಾಡಿದರೆ ಸ್ಟಿಯರಿಂಗ್, ಬ್ರೇಕ್ ಎರಡೂ ಕಲ್ಲಾಗುತ್ತವೆ, ಹಾಗಾಗಿ ಮೊದಲು ಎನ್, ನಿಂತ ಮೇಲೆ ಬಂದ್. 2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊ ಬಳಿ ಒಂದು ಲೆಕ್ಸಸ್‌ನಲ್ಲಿ ನಾಲ್ವರು ಸತ್ತದ್ದು ಕಾಲಡಿಯ ಮ್ಯಾಟ್ ಆಕ್ಸಿಲರೇಟರ್‌ಗೆ ಸಿಕ್ಕಿಕೊಂಡು. ಓಡಿಸುತ್ತಿದ್ದವನು ಹೆದ್ದಾರಿ ಪೊಲೀಸ್ ಅಧಿಕಾರಿ, ನಮಗಿಂತ ನುರಿತವನು. ಮಳೆಗಾಲದಲ್ಲಿ ನಾವು ಮಾಡುವುದೇನು? ಕೆಸರಾಗದಿರಲಿ ಎಂದು ಮ್ಯಾಟ್ ಮೇಲೆ ಮ್ಯಾಟ್, ಅದರ ಮೇಲೆ ಪೇಪರ್. ಡ್ರೈವರ್ ಕಾಲಡಿಯಲ್ಲಿ ಒಂದೇ ಮ್ಯಾಟ್, ಕೊಕ್ಕೆಗೆ ಸಿಕ್ಕಿಸಿದ್ದು, ಅಷ್ಟೇ ಇರಲಿ.

ಮಳೆ ಎಂದ ಕೂಡಲೇ ನಮಗೆ 2005ರ ಜುಲೈ 26 ನೆನಪಾಗುತ್ತದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ಕಾರಿನೊಳಗೆ ಸಿಕ್ಕಿ ಸತ್ತವರಿದ್ದರು. ಇವತ್ತಿಗೂ ಗಾಂಧಿ ಮಾರ್ಕೆಟ್, ಹಿಂದ್‌ಮಾತಾ, ಅಂಧೇರಿ ಸಬ್‌ವೇಯಲ್ಲಿ ನೀರು ನಿಲ್ಲುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಕೂಡಲೇ ಎನ್‌ಗೆ ತನ್ನಿ, ಆಗ ಮಾತ್ರ ಜನ ತಳ್ಳಬಲ್ಲರು. ಬಟನ್ ಗೇರಿನ ಎಷ್ಟೋ ಗಾಡಿಗಳು ಬಂದ್ ಮಾಡಿದ ಕೂಡಲೇ ತಾವೇ ಪಿ ಗೆ ಹೋಗಿ ಬಂಡೆಯಾಗುತ್ತವೆ. ಬ್ಯಾಟರಿ ಇನ್ನೂ ಇರುವಾಗಲೇ ಎನ್‌ನಲ್ಲಿ ಉಳಿಸುವುದು ಹೇಗೆಂದು ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಮಳೆಗೆ ಮುಂಚೆಯೇ ನೋಡಿಟ್ಟುಕೊಳ್ಳಿ. ನೀರು ಏರುತ್ತಿದ್ದರೆ ಗಾಡಿಯ ಚಿಂತೆ ಬಿಟ್ಟು ಇಳಿದುಬಿಡಿ. ಆಮೇಲೆ ಗ್ಯಾರೇಜಿಗೆ ಒಯ್ಯಲು ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ತಿರುಗದೆ ಗೇರ್‌ಬಾಕ್ಸ್ ಒಳಗೆ ಎಣ್ಣೆ ಓಡುವುದಿಲ್ಲ. ಗಾಡಿಯನ್ನೇ ಮೇಲೇರಿಸಿಕೊಂಡು ಹೋಗುವ ಲಾರಿ ಕರೆಸಿ.

ಲಿವರ್ ಇರುವ ಗಾಡಿಗಳಲ್ಲಿ ಲಿವರ್ ಪಕ್ಕ ಒಂದು ಸಣ್ಣ ಮುಚ್ಚಳ ಇರುತ್ತದೆ, ಕೆಲವದರಲ್ಲಿ 'ಶಿಫ್ಟ್ ಲಾಕ್' ಎಂದು ಬರೆದಿರುತ್ತದೆ. ಅದರೊಳಗೆ ಕೀ ತುದಿ ಒತ್ತಿ ಹಿಡಿದರೆ ಎಂಜಿನ್ ಬಂದ್ ಇದ್ದರೂ, ಬ್ಯಾಟರಿ ಸತ್ತಿದ್ದರೂ ಪಿ ಯಿಂದ ಎನ್‌ಗೆ ಬರುತ್ತದೆ. ಒತ್ತುವ ಮುಂಚೆ ಹ್ಯಾಂಡ್‌ಬ್ರೇಕ್ ಎಳೆದಿರಬೇಕು ಎಂದು ಹೇಳಬೇಕಿಲ್ಲ ತಾನೆ? ಅಡ್ಡ ನಿಲ್ಲಿಸಲೇಬೇಕಾದ ದಿನ ನಾನು ಇದನ್ನೇ ಮಾಡುವುದು. ಬಟನ್ ಸ್ಟಾರ್ಟ್ ಗಾಡಿಯನ್ನು ಎನ್‌ನಲ್ಲೇ ಬಂದ್ ಮಾಡಿ ಹೋದರೆ ಪೂರ್ತಿ ಆಫ್ ಆಗದೆ ರಾತ್ರಿಯಿಡೀ ಬ್ಯಾಟರಿ ತಿನ್ನಬಹುದು, ಅದಕ್ಕೇ ಪಿ ಯಲ್ಲಿ ಬಂದ್ ಮಾಡಿ ಆಮೇಲೆ ಈ ಮುಚ್ಚಳದ ಉಪಾಯ.

ನಮ್ಮ ಸೊಸೈಟಿಯಲ್ಲಿ ಏನಾಯಿತು ಎಂದು ಹೇಳದಿದ್ದರೆ ನೀವು ಬಿಡುವುದಿಲ್ಲ. ಮೀಟಿಂಗ್ ಆಯಿತು, ಎರಡು ಗಂಟೆ ಜಗಳ ಆಯಿತು. ಆಟೋಮ್ಯಾಟಿಕ್ ಗಾಡಿಗಳಿಗೆಲ್ಲ ಗೋಡೆ ಬದಿಯ, ಯಾರಿಗೂ ಅಡ್ಡವಾಗದ ಜಾಗ ಕೊಡಬೇಕು ಎಂದು ನಾನು ಕೇಳಿದೆ. "ಗಾಡಿ ಹೊಸದಾದರೆ ಜಾಗವೂ ಹೊಸದೋ?" ಎಂದರು ಒಬ್ಬರು. ಕೊನೆಗೆ ಒಂದು ಚೆಂಡು ಉರುಳಿಸಿ ಅಂಗಳದಲ್ಲಿ ಇಳಿಜಾರು ಎಲ್ಲಿದೆ ಎಂದು ಮಕ್ಕಳೇ ತೋರಿಸಿಕೊಟ್ಟರು. ಗೇಟಿನ ಕಡೆಯ ಮೂರು ಜಾಗಗಳಲ್ಲಿ ಯಾರೂ ನ್ಯೂಟ್ರಲ್‌ನಲ್ಲಿ ಬಿಡಬಾರದು ಎಂದು ಠರಾವು ಆಯಿತು. ಬೇರೆ ಕಡೆ ಬಿಟ್ಟರೆ ಚಕ್ರಕ್ಕೆ ಮರದ ಕಟ್ಟೆ ಕೊಡಬೇಕು, ತಳ್ಳಿದವರೇ ವಾಪಸ್ ಕೊಡಬೇಕು. ನಮ್ಮ ಎರಡನೇ ಕೀ ಈಗ ನೆಲಮಾಳಿಗೆಯ ಮರಾಠಿ ಮಾವಶಿಯ ಮನೆಯ ಮೊಳೆಯ ಮೇಲಿದೆ, ಅವರ ಮಗ ಆಟೋಮ್ಯಾಟಿಕ್ ಓಡಿಸಬಲ್ಲ. ಗಾಜಿನ ಮೇಲೆ ಫೋನ್ ನಂಬರ್ ಅಂಟಿಸಿದ್ದೇನೆ. ಫೋನ್ ರಾತ್ರಿ ಸೈಲೆಂಟ್ ಇಡುವುದನ್ನು ಬಿಟ್ಟಿದ್ದೇನೆ. ವಾಚ್‌ಮನ್ ಮಗಳು ಈಗ ಹೋಂವರ್ಕ್‌ಗೆ ಕೂರುವುದು ಜಿನೆಯ ಮೊದಲ ಮೆಟ್ಟಿಲ ಮೇಲೆ.

ನನ್ನ ಗಾಡಿ ಕೆಳಗೆ ನಿಂತಿದೆ, ಪಿ ಯಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ. ಮುಚ್ಚಳ ತೆಗೆದು, ಶಿಫ್ಟ್ ಲಾಕ್ ಒತ್ತಿ ನೋಡಬೇಕೆನ್ನುವವರು ಚಹಾ ಮುಗಿಸಿ ಬನ್ನಿ, ಒಬ್ಬೊಬ್ಬರಾಗಿ ಕೂತು ಮಾಡಿ ನೋಡೋಣ.